ಒಂದೇ ತಾಯಿಮರಗಳ ಪೈನ್ ಸಸಿಗಳು ಎರಡು ನರ್ಸರಿಗಳಲ್ಲಿ ಎರಡು ಬಗೆಯಾಗಿ ಬೆಳೆದರೆ ಯಾವುದನ್ನು ನಂಬುವುದು?

ಅಬರ್ಡೀನ್_ಅನುಪಮಾ
ಎಲ್ಲರಿಗೂ ನಮಸ್ಕಾರ. ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ಊರವರೇ ಸೇರಿಕೊಂಡು ಕಾಡು ಬೆಳೆಸುವ ಒಂದು ಗುಂಪಿದೆ. ನಾನು ಬಿಡುವಿನ ದಿನಗಳಲ್ಲಿ ಅಲ್ಲಿ ಕೆಲಸ ಮಾಡುತ್ತೇನೆ. ನಾವು ನೆಡುವುದು ಬಹುಪಾಲು ಸ್ಕಾಟ್ಸ್ ಪೈನ್, ಅಂದರೆ ಪೈನಸ್ ಸಿಲ್ವೆಸ್ಟ್ರಿಸ್. ಇಲ್ಲಿನ ಸಹಜ ಪೈನ್ ಕಾಡಾದ ಹಳೆಯ ಕ್ಯಾಲೆಡೋನಿಯನ್ ಕಾಡಿನ ಒಂದು ತುಣುಕಿನಲ್ಲಿ ಗುರುತು ಹಾಕಿಟ್ಟ ಕೆಲವು ತಾಯಿಮರಗಳಿಂದ ಬೀಜ ತಂದು, ಅದನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಬಿಸಿಯೂಡದ ಗಾಜಿನ ಮನೆಯಲ್ಲಿಯೂ ಇನ್ನೊಂದನ್ನು ಗಾಳಿ ಬೀಸುವ ಬಯಲಿನ ಪಾತಿಯಲ್ಲಿಯೂ ಬೆಳೆಸಿದ್ದೇವೆ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿಯ ಗಿಡಗಳೆಂದು ಹೇಳುವುದೂ ಕಷ್ಟ. ಗಾಜಿನ ಮನೆಯವು ಎತ್ತರ, ಸಪೂರ, ಸೂಜಿಎಲೆ ಉದ್ದ ಮತ್ತು ಮೆದು. ಬಯಲಿನವು ಗಿಡ್ಡ, ಬುಡ ದಪ್ಪ, ಎಲೆ ಮೋಟು ಮತ್ತು ಒರಟು, ತುದಿಮೊಗ್ಗು ಗಟ್ಟಿ. ನಮ್ಮ ಗುಂಪಿನ ಅರ್ಧ ಜನ ಎತ್ತರದವು ಒಳ್ಳೆಯ ತಳಿ, ಅವನ್ನೇ ನೆಡೋಣ ಎನ್ನುತ್ತಿದ್ದಾರೆ. ಈ ವ್ಯತ್ಯಾಸದಲ್ಲಿ ಬೀಜದ್ದೆಷ್ಟು, ಬೆಳೆದ ಜಾಗದ್ದೆಷ್ಟು? ನೆಟ್ಟ ಮೇಲೂ ಇದು ಉಳಿಯುತ್ತದೆಯೇ?

ಮಲೆನಾಡ_ಕೃಷಿಕ
ಬೀಜವನ್ನು ನೀವೇ ಎರಡು ಪಾಲು ಮಾಡಿದ್ದೀರಿ ಎಂದ ಮೇಲೆ ತಳಿಯ ಮಾತು ಎಲ್ಲಿಂದ ಬಂತು? ವ್ಯತ್ಯಾಸವೆಲ್ಲ ಜಾಗದ್ದೇ. ಚರ್ಚೆ ಇಲ್ಲಿಗೆ ಮುಗಿಯಬೇಕು.

ಅಂಕಿಅಂಶ_ಶಂಕರ
ಅಷ್ಟು ಬೇಗ ಮುಗಿಸಬೇಡಿ. ಪೈನಿನಲ್ಲಿ ಪರಾಗ ಹರಡುವುದು ಗಾಳಿಯಿಂದ. ಒಂದೇ ಮರದ ಬೀಜಗಳಿಗೆ ತಾಯಿ ಒಂದೇ ಆದರೂ ತಂದೆಮರ ಬೇರೆ ಬೇರೆ ಇರುತ್ತದೆ. ಆದ್ದರಿಂದ ಒಂದೊಂದು ಪಾಲಿನ ಒಳಗೂ ವಂಶದ ವ್ಯತ್ಯಾಸ ಇದ್ದೇ ಇರುತ್ತದೆ. ಮಲೆನಾಡ ಕೃಷಿಕರು ಹೇಳಿದ್ದು ಎರಡು ಪಾಲುಗಳ ಸರಾಸರಿಗೆ ಮಾತ್ರ ಒಪ್ಪುತ್ತದೆ, ಅದೂ ಪಾಲು ಮಾಡುವಾಗ ಬೀಜವನ್ನು ಗಾತ್ರ ನೋಡಿ ಆರಿಸದೆ ಚೆನ್ನಾಗಿ ಬೆರೆಸಿದ್ದರೆ. ಅನುಪಮಾ ಅವರೇ, ಯಾವ ಸಸಿ ಯಾವ ತಾಯಿಮರದ್ದು ಎಂಬ ಗುರುತುಚೀಟಿ ಈಗಲೂ ಇದೆಯೇ? ಇದ್ದರೆ ಇನ್ನೂ ಒಳ್ಳೆಯ ಪ್ರಶ್ನೆ ಕೇಳಬಹುದು: ಗಾಜಿನ ಮನೆಯಲ್ಲಿ ಎಲ್ಲಕ್ಕಿಂತ ಎತ್ತರ ಬೆಳೆದ ತಾಯಿಮರದ ಮಕ್ಕಳೇ ಬಯಲಿನಲ್ಲಿಯೂ ತಮ್ಮ ಸಾಲಿನಲ್ಲಿ ಎತ್ತರವಾಗಿವೆಯೇ, ಅಥವಾ ಜಾಗ ಬದಲಾದಂತೆ ಸರದಿಯೂ ಬದಲಾಗಿದೆಯೇ? ಸರದಿ ಬದಲಾಗಿದ್ದರೆ ಪರಿಸರಕ್ಕೆ ಪ್ರತಿ ಕುಟುಂಬವೂ (ಒಂದೇ ತಾಯಿಮರದ ಮಕ್ಕಳ ಗುಂಪು) ತನ್ನದೇ ರೀತಿಯಲ್ಲಿ ಸ್ಪಂದಿಸುತ್ತಿದೆ ಎಂದರ್ಥ, ಆಗ ಇದಿಷ್ಟು ಬೀಜದ್ದು, ಇದಿಷ್ಟು ಜಾಗದ್ದು ಎಂದು ಪಾಲು ಹಂಚುವ ಪ್ರಶ್ನೆಯೇ ಸರಿಯಾಗುವುದಿಲ್ಲ.

ಅಬರ್ಡೀನ್_ಅನುಪಮಾ
ಚೀಟಿಗಳಿವೆ ಸರ್. ಕೆಲವು ಮಳೆಗೆ ಅಳಿಸಿಹೋಗಿವೆ, ಹೆಚ್ಚಿನವು ಓದಬಹುದು.

ಬೇರು_ಬಿಳಲು
ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿ. ಇಲ್ಲಿ ಮೂರು ಕಾರಣಗಳು ಒಟ್ಟಿಗೆ ಕೆಲಸ ಮಾಡಿವೆ ಎಂದು ನನ್ನ ಅನಿಸಿಕೆ. ಮೊದಲನೆಯದು ಬೆಳಕು. ಪೈನ್ ಬಿಸಿಲು ಬೇಡುವ ಮರ. ಅಕ್ಕಪಕ್ಕದ ಗಿಡಗಳ ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅದರಾಚೆಯ ದೂರಗೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ಮೂಲಕ ಸಸಿ ಇದನ್ನು ಗ್ರಹಿಸಿ, ನೆರಳು ಬೀಳುವ ಮೊದಲೇ ಕಾಂಡವನ್ನು ಉದ್ದಮಾಡಿಕೊಳ್ಳುತ್ತದೆ. ಎರಡನೆಯದು ಗೊಬ್ಬರ. ಸಾರಜನಕ ಧಾರಾಳವಾಗಿ ಸಿಕ್ಕಿದ ಸಸಿ ಬೇರಿಗಿಂತ ಮೇಲಿನ ಭಾಗಕ್ಕೆ ಹೆಚ್ಚು ಖರ್ಚು ಮಾಡುತ್ತದೆ, ಬಡ ಮಣ್ಣಿನಲ್ಲಿ ಇದು ತಿರುಗುಮುರುಗಾಗುತ್ತದೆ. ಮೂರನೆಯದು ಗಾಳಿ. ಗಾಜಿನ ಮನೆಯಲ್ಲಿ ಅದು ಇಲ್ಲ.

ಗಾಜು_ಮನೆ_ಗಣೇಶ
ಬೆಳಕಿನ ವಿಷಯದಲ್ಲಿ ಒಂದು ತಿದ್ದುಪಡಿ. ಸಾಮಾನ್ಯ ಗಾಜು ಒಟ್ಟು ಬೆಳಕನ್ನು ಸ್ವಲ್ಪ ಕಡಿಮೆ ಮಾಡುತ್ತದೆಯೇ ಹೊರತು ಕೆಂಪು ಮತ್ತು ದೂರಗೆಂಪಿನ ಪ್ರಮಾಣವನ್ನು ಅಷ್ಟಾಗಿ ಬದಲಿಸುವುದಿಲ್ಲ. ನೀವು ಹೇಳಿದ ಪರಿಣಾಮ ಬರುವುದು ಟ್ರೇಗಳಲ್ಲಿ ಸಸಿಗಳನ್ನು ಒತ್ತೊತ್ತಾಗಿ ಇಟ್ಟಾಗ. ಬಿಸಿಯೂಡದ ಗಾಜಿನ ಮನೆಯಾದರೂ ವಸಂತದಲ್ಲಿ ಹೊರಗಿಗಿಂತ ಬೆಚ್ಚಗಿರುತ್ತದೆ, ಬೆಳೆಯುವ ಕಾಲ ಬೇಗ ಶುರುವಾಗುತ್ತದೆ. ಎತ್ತರಕ್ಕೆ ಬೆಚ್ಚನೆಯ ಗಾಳಿಯನ್ನೂ ಇಕ್ಕಟ್ಟನ್ನೂ ಮೊದಲು ಅನುಮಾನಿಸಬೇಕು, ಗಾಜನ್ನು ಆಮೇಲೆ.

ಬೇರು_ಬಿಳಲು
ಒಪ್ಪಿದೆ. ನಾನು ಇಕ್ಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದೆ.

ಶಿರಸಿ_ನರ್ಸರಿ_ಹೆಗಡೆ
ಪೈನ್ ನಾನು ಬೆಳೆಸಿಲ್ಲ, ಆದರೆ ಸಿಲ್ವರ್ ಓಕ್, ಅಕೇಶಿಯ, ಸಾಗುವಾನಿ ಸಸಿಗಳ ನಡುವೆಯೇ ಜೀವನ ಕಳೆದಿದ್ದೇನೆ. ಗಿರಾಕಿ ಬಂದವರು ಮೊದಲು ಕೇಳುವುದು ಎತ್ತರ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹೆಚ್ಚು ದಿನ ನಿಂತು ಉದ್ದವಾದ ಸಸಿಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಅದನ್ನು ಹಾಗೆಯೇ ನೆಟ್ಟರೆ ಮೊದಲು ಏನೂ ಗೊತ್ತಾಗುವುದಿಲ್ಲ, ಮರ ದೊಡ್ಡದಾದ ಮೇಲೆ ಗಾಳಿಗೆ ಬುಡಸಮೇತ ಬೀಳುತ್ತದೆ. ಅಕ್ಕ, ನಿಮ್ಮ ಗಾಜಿನ ಮನೆಯ ಸಸಿಗಳು ಯಾವುದರಲ್ಲಿ ಬೆಳೆದವು? ಕುಂಡವೋ, ಟ್ರೇಯೋ? ಒಂದೆರಡನ್ನು ಕಿತ್ತು ಬೇರು ನೋಡಿದ್ದೀರಾ?

ಉಮಿಯೋ_ವಾಸಿ
ಹೆಗಡೆಯವರ ಮಾತು ಪೈನಿಗೆ ಅಕ್ಷರಶಃ ಅನ್ವಯಿಸುತ್ತದೆ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಕಾಗದದ ಕುಂಡಗಳಲ್ಲಿ ಬೆಳೆಸಿ ನೆಟ್ಟ ಸ್ಕಾಟ್ಸ್ ಪೈನ್ ಸಸಿಗಳಲ್ಲಿ ಬೇರು ಸುತ್ತಿಕೊಂಡು, ಮರಗಳು ಮುಂದೆ ಬುಡದಲ್ಲಿ ಬಾಗಿ, ನೆಲದಲ್ಲಿ ಭದ್ರವಾಗಿ ನಿಲ್ಲದ ತೊಂದರೆ ಬಹಳ ಚರ್ಚೆಯಾಯಿತು. ಈಗ ಟ್ರೇಯ ಗೋಡೆಗೆ ಉದ್ದುದ್ದ ಏಣುಗಳನ್ನಿಟ್ಟು ಬೇರನ್ನು ಕೆಳಕ್ಕೆ ಇಳಿಸುತ್ತಾರೆ, ತಳ ಮತ್ತು ಪಕ್ಕಗಳಲ್ಲಿ ಸೀಳು ಬಿಟ್ಟು ಬೇರಿನ ತುದಿ ಗಾಳಿಗೆ ಒಣಗಿ ಅಲ್ಲಿಯೇ ನಿಲ್ಲುವಂತೆ ಮಾಡುತ್ತಾರೆ, ಕೆಲವೆಡೆ ತಾಮ್ರದ ಲೇಪವನ್ನೂ ಹಚ್ಚುತ್ತಾರೆ. ವಂಶಕ್ಕೂ ಈ ಬಾಗಿದ ಬುಡಕ್ಕೂ ಸಂಬಂಧವಿಲ್ಲದಿದ್ದರೂ, ದೊಡ್ಡ ಮರವನ್ನು ನೋಡಿದವರು ಇದು ಸೊಟ್ಟ ತಳಿ ಎಂದೇ ತೀರ್ಮಾನಿಸುವ ಸಂಭವ ಹೆಚ್ಚು.

ಮಲೆನಾಡ_ಕೃಷಿಕ
ಗಾಳಿಯಿಂದ ಬುಡ ದಪ್ಪವಾಗುತ್ತದೆ ಎಂಬುದಕ್ಕೆ ಆಧಾರವೇನಾದರೂ ಇದೆಯೇ, ಅಥವಾ ಇದೂ ಹೇಳಿಕೆ ಕೇಳಿಕೆಯೇ?

ಬೇರು_ಬಿಳಲು
ಇದೆ, ಅದೂ ಪೈನಿನಲ್ಲಿಯೇ. ಆಸ್ಟ್ರೇಲಿಯಾದಲ್ಲಿ ಜೇಕಬ್ಸ್ ಎಂಬ ಅರಣ್ಯಶಾಸ್ತ್ರಜ್ಞರು ಪೈನಸ್ ರೇಡಿಯಾಟ ಮರಗಳನ್ನು ತಂತಿಯಿಂದ ಬಿಗಿದು ಅಲುಗದಂತೆ ಮಾಡಿ, ಅಲುಗುವ ಮರಗಳೊಂದಿಗೆ ಹೋಲಿಸಿ 1954ರಲ್ಲಿ ಪ್ರಕಟಿಸಿದರು. ಬಿಗಿದ ಮರಗಳ ಕಾಂಡದ ಕೆಳಭಾಗ ಅಷ್ಟು ದಪ್ಪವಾಗಲಿಲ್ಲ. ಮುಟ್ಟುವುದು, ಅಲುಗಿಸುವುದು ಮುಂತಾದವುಗಳಿಂದ ಗಿಡದ ಆಕಾರ ಬದಲಾಗುವುದಕ್ಕೆ 1973ರಲ್ಲಿ ಜ್ಯಾಫ್ ಎಂಬ ಸಸ್ಯವಿಜ್ಞಾನಿ ಥಿಗ್ಮೋಮಾರ್ಫೋಜೆನೆಸಿಸ್ ಎಂಬ ಹೆಸರಿಟ್ಟರು. ಮುಂದೆ ಅಮೆರಿಕದ ಲಾಬ್ಲಾಲಿ ಪೈನ್ ಸಸಿಗಳನ್ನು ಬಾಗಿಸಿ ನೋಡಿದಾಗಲೂ ಕಾಂಡದ ಅಡ್ಡಬೆಳವಣಿಗೆ ಹೆಚ್ಚುವುದು ಕಂಡುಬಂದಿದೆ. ಕೆಲವು ನರ್ಸರಿಗಳಲ್ಲಿ ಸಸಿಗಳ ತಲೆಯನ್ನು ಕೋಲಿನಿಂದಲೋ ಕೊಳವೆಯಿಂದಲೋ ಸವರುತ್ತ ಹೋಗುವ ಪದ್ಧತಿಯೇ ಇದೆ.

ಕುಂದಾಪುರ_ಕಡಲು
ನಮ್ಮ ಕಡಲತೀರದ ಗಾಳಿಮರದ ಸಸಿಗಳಲ್ಲಿಯೂ ಇದನ್ನೇ ನೋಡುತ್ತೇವೆ. ಸಮುದ್ರಕ್ಕೆ ಎದುರಾದ ಮೊದಲ ಸಾಲು ಗಿಡ್ಡವಾಗಿ, ಬಾಗಿ, ಗಟ್ಟಿಯಾಗಿ ಇರುತ್ತದೆ, ಹಿಂದಿನ ಸಾಲುಗಳು ನೇರವಾಗಿ ಎದ್ದಿರುತ್ತವೆ. ಸಸಿ ಬಂದದ್ದು ಒಂದೇ ಕಡೆಯಿಂದ. ಅದೂ ಪೈನಿನ ನಂಟೇ ಅಲ್ಲವೇ?

ಬೇರು_ಬಿಳಲು
ನಂಟಲ್ಲ. ಗಾಳಿಮರ ಹೂಬಿಡುವ ಸಸ್ಯಗಳ ಗುಂಪಿಗೆ ಸೇರಿದ್ದು, ಅದರಲ್ಲಿ ಸೂಜಿಯಂತೆ ಕಾಣುವುದು ಹಸಿರು ಕಿರುರೆಂಬೆ, ಎಲೆಗಳು ಆ ರೆಂಬೆಯ ಗಿಣ್ಣಿನಲ್ಲಿ ಸಣ್ಣ ಹಲ್ಲಿನಂತೆ ಇರುತ್ತವೆ. ಆದರೂ ನೀವು ಕೊಟ್ಟ ಉದಾಹರಣೆ ಸರಿಯಾಗಿದೆ. ಇನ್ನೊಂದು ವಿಷಯ, ಓರೆಯಾದ ಪೈನ್ ಕಾಂಡದ ಕೆಳಮೈಯಲ್ಲಿ ಕೆಂಪು ಛಾಯೆಯ, ಒತ್ತುಮರ ಎಂಬ ವಿಶೇಷ ಕಟ್ಟಿಗೆ ಬೆಳೆದು ಅದನ್ನು ಮೇಲಕ್ಕೆ ತಳ್ಳುತ್ತದೆ. ಅಗಲ ಎಲೆಯ ಹೆಚ್ಚಿನ ಮರಗಳಲ್ಲಿ ಮೇಲ್ಮೈಯಲ್ಲಿ ಬೇರೆ ಬಗೆಯ ಕಟ್ಟಿಗೆ ಬೆಳೆದು ಎಳೆಯುತ್ತದೆ.

ಉಮಿಯೋ_ವಾಸಿ
ಅನುಪಮಾ ಅವರ ಎರಡನೆಯ ಪ್ರಶ್ನೆಗೆ, ಅಂದರೆ ವ್ಯತ್ಯಾಸ ಉಳಿಯುತ್ತದೆಯೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ. ಅದಕ್ಕೆ ಸ್ಕಾಟ್ಸ್ ಪೈನ್ ಬೆಳೆಯುವ ಕ್ರಮವನ್ನು ತಿಳಿಯಬೇಕು. ಮೊದಲ ವರ್ಷದ ಎಳೆಸಸಿ ಋತು ಒಗ್ಗುವವರೆಗೂ ಬೆಳೆಯುತ್ತ ಹೋಗುತ್ತದೆ. ಆಮೇಲೆ ಕ್ರಮ ಬದಲಾಗುತ್ತದೆ: ಮುಂದಿನ ವರ್ಷದ ಕುಡಿಯಲ್ಲಿ ಎಷ್ಟು ಜೋಡಿ ಎಲೆಗಳಿರಬೇಕು ಎಂಬುದು ಈ ವರ್ಷದ ಬೇಸಿಗೆಯ ಕೊನೆಗೆ ತುದಿಮೊಗ್ಗಿನೊಳಗೇ ತಯಾರಾಗಿಬಿಡುತ್ತದೆ, ವಸಂತದಲ್ಲಿ ಅದು ಬಿಚ್ಚಿಕೊಂಡು ಉದ್ದವಾಗುತ್ತದೆ ಅಷ್ಟೆ. ಹೋದ ವರ್ಷದ ಮಳೆಯಿಂದ ತುಂಬಿದ ಕೆರೆಯ ನೀರಿನಲ್ಲಿ ಈ ವರ್ಷದ ಬೇಸಾಯ ನಡೆದಂತೆ. ಆದ್ದರಿಂದ ನೀವು ಸಸಿಯನ್ನು ಗುಡ್ಡಕ್ಕೆ ಒಯ್ದು ನೆಟ್ಟ ಮೊದಲ ವರ್ಷದ ಎತ್ತರ ಬಹುಮಟ್ಟಿಗೆ ನರ್ಸರಿಯ ಕೊಡುಗೆ. ಸೂಜಿಎಲೆಯ ಉದ್ದ ಮಾತ್ರ ಅದೇ ವರ್ಷದ ನೀರು, ಗೊಬ್ಬರ, ಉಷ್ಣತೆಯನ್ನು ಹೆಚ್ಚು ತೋರಿಸುತ್ತದೆ. ಹಾಗಾಗಿ ನೆಟ್ಟ ವರ್ಷದಲ್ಲಿ ಕುಡಿ ಉದ್ದವಿದ್ದು ಎಲೆ ಮೋಟಾಗಿರುವ ವಿಚಿತ್ರ ಗಿಡಗಳು ಕಾಣಸಿಗುತ್ತವೆ. ಅದನ್ನು ರೋಗವೆಂದು ತಿಳಿಯಬೇಡಿ.

ಇನ್ನೊಂದು ಅನುಕೂಲವೂ ಇದೆ. ಈ ಮರ ಸಾಮಾನ್ಯವಾಗಿ ವರ್ಷಕ್ಕೊಂದು ಸುತ್ತು ರೆಂಬೆ ಬಿಡುತ್ತದೆ. ಸುತ್ತಿನಿಂದ ಸುತ್ತಿಗೆ ಅಳೆದರೆ ಹಿಂದಿನ ಪ್ರತಿ ವರ್ಷದ ಬೆಳವಣಿಗೆಯನ್ನು ಕಾಂಡದ ಮೇಲೆಯೇ ಓದಬಹುದು.

ಹಾಸನದ_ಹುಡುಗ
ಎಲ್ಲವೂ ಜಾಗದ್ದೇ ಎಂದಾದರೆ ಬೀಜ ಯಾವ ಕಾಡಿನದ್ದಾದರೂ ಆಗಬಹುದಲ್ಲ? ಸ್ಕಾಟ್ಲೆಂಡಿನವರು ಬೀಜವಲಯ (ಬೀಜದ ಮೂಲವನ್ನು ಪ್ರದೇಶವಾರು ವಿಂಗಡಿಸುವುದು) ಅದು ಇದು ಎಂದು ತಲೆ ಕೆಡಿಸಿಕೊಳ್ಳುವುದೇಕೆ?

ಉಮಿಯೋ_ವಾಸಿ
ಎಲ್ಲವೂ ಜಾಗದ್ದೇ ಎಂದು ಯಾರೂ ಹೇಳಲಿಲ್ಲ. ಫ್ರಾನ್ಸಿನಲ್ಲಿ ವಿಲ್ಮೊರಿನ್ ಎಂಬವರು 1820ರ ದಶಕದಲ್ಲಿಯೇ ಯೂರೋಪಿನ ಬೇರೆ ಬೇರೆ ಪ್ರದೇಶಗಳ ಸ್ಕಾಟ್ಸ್ ಪೈನ್ ಬೀಜಗಳನ್ನು ಲೆ ಬಾರ್ ಎಂಬಲ್ಲಿ ಅಕ್ಕಪಕ್ಕ ಬೆಳೆಸತೊಡಗಿದರು. ಒಂದೇ ಮಣ್ಣು, ಒಂದೇ ಹವೆ ಇದ್ದರೂ ಮರಗಳ ನೆಟ್ಟಗಿನ ನಿಲುವು, ರೆಂಬೆಗಳ ರೀತಿ ಬೀಜದ ಮೂಲಕ್ಕೆ ತಕ್ಕಂತೆ ಬೇರೆಯಾಗಿಯೇ ಉಳಿದವು. ಸ್ವೀಡನ್ನಿನಲ್ಲಿ ಲಾಂಗ್ಲೆಟ್ ಎಂಬ ಸಂಶೋಧಕರು 1936ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸ್ಪಷ್ಟ: ಬೇರೆ ಬೇರೆ ಕಾಡುಗಳ ಬೀಜದಿಂದ ಒಂದೇ ಕಡೆ ಬೆಳೆಸಿದ ಸಸಿಗಳ ಎಲೆಯ ಒಣತೂಕದ ಪ್ರಮಾಣ ಮೂಲದ ಅಕ್ಷಾಂಶಕ್ಕೆ ಅನುಗುಣವಾಗಿ ಮೆಲ್ಲಮೆಲ್ಲನೆ ಬದಲಾಗುತ್ತ ಹೋಗುತ್ತದೆ, ನಡುವೆ ಗೆರೆ ಎಳೆದಂತಹ ಗಡಿಯಿಲ್ಲ. ಉತ್ತರದ ಬೀಜವನ್ನು ದಕ್ಷಿಣಕ್ಕೆ ತಂದರೆ ಹಗಲು ಅದರ ಲೆಕ್ಕಕ್ಕಿಂತ ಬೇಗ ಕುಗ್ಗಿತೆಂದು ಬೇಗ ಮೊಗ್ಗು ಕಟ್ಟಿ ಗಿಡ್ಡವಾಗಿ ಉಳಿಯುತ್ತದೆ. ದಕ್ಷಿಣದ್ದನ್ನು ಉತ್ತರಕ್ಕೆ ಒಯ್ದರೆ ಬೆಳೆಯುತ್ತಲೇ ಇದ್ದು ಹಿಮಕ್ಕೆ ಸಿಕ್ಕಿಬೀಳುತ್ತದೆ. ಬೀಜ ಮುಖ್ಯವಲ್ಲ ಎಂದು ಇಲ್ಲಿ ಸ್ವೀಡನ್ನಿನಲ್ಲಿ ಯಾವ ಅರಣ್ಯಾಧಿಕಾರಿಯ ಮುಂದೆಯೂ ಹೇಳಿ ನೋಡಬೇಡಿ.

ಡೆಹ್ರಾಡೂನ್_ದೇವರಾಜ
ಭಾರತದ ಉದಾಹರಣೆಯೊಂದನ್ನು ಸೇರಿಸುತ್ತೇನೆ. ಕುಮಾಂವ್ ಬೆಟ್ಟಗಳ ಚೀಡ್ ಪೈನ್, ಅಂದರೆ ಪೈನಸ್ ರಾಕ್ಸ್‌ಬರ್ಗಿಯೈ, ಕೆಲವೆಡೆ ಹಿಂಡಿದ ಬಟ್ಟೆಯಂತೆ ನಾರು ತಿರುಚಿಕೊಂಡು ಬೆಳೆಯುತ್ತದೆ. ಅಂತಹ ಮರವನ್ನು ಕೊಯ್ದರೆ ಹಲಗೆ ಒಣಗುವಾಗ ಸೊಟ್ಟಗಾಗುತ್ತದೆ, ಕೊಳ್ಳುವವರಿರುವುದಿಲ್ಲ. ಬಡ ಮಣ್ಣು, ಗಾಳಿ, ಬೆಂಕಿ, ಕೊಂಬೆ ಕಡಿಯುವುದು ಹೀಗೆ ಜನ ಎಲ್ಲವನ್ನೂ ದೂರುತ್ತಿದ್ದರು. 1920ರ ದಶಕದಲ್ಲಿ ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಇದನ್ನು ವಿವರವಾಗಿ ಪರಿಶೀಲಿಸಿ, ವಂಶದ ಕೈ ದೊಡ್ಡದೆಂಬ ತೀರ್ಮಾನಕ್ಕೆ ಬಂದರು. ಆದ್ದರಿಂದ ತಿರುಚಿದ ಮರಗಳಿಂದ ಬೀಜ ತೆಗೆಯಬಾರದು ಎಂಬುದು ಇಲ್ಲಿ ಹಳೆಯ ಪಾಠ. ಇಲ್ಲಿನವರ ಚರ್ಚೆ ಪರಿಸರದ ಕಡೆಗೇ ವಾಲುತ್ತಿರುವುದರಿಂದ ಇದನ್ನು ನೆನಪಿಸಬೇಕೆನಿಸಿತು.

ಬೇರು_ಬಿಳಲು
ದೇವರಾಜ್ ಸರ್, ಒಪ್ಪುತ್ತೇನೆ, ಆದರೆ ನೀವು ಎತ್ತಿಕೊಂಡದ್ದು ಮರದ ನಾರಿನ ಗುಣ. ಎತ್ತರ, ಬುಡದ ದಪ್ಪ, ಎಲೆಯ ಉದ್ದಗಳು ಅದಕ್ಕಿಂತ ಬಹಳ ಬೇಗ ಜಾಗಕ್ಕೆ ಮಣಿಯುವ ಗುಣಗಳು. ಗುಣದಿಂದ ಗುಣಕ್ಕೆ ಉತ್ತರ ಬದಲಾಗುತ್ತದೆ. ಮೊಗ್ಗು ಒಡೆಯುವ ಕಾಲದ ಮೇಲೆ ವಂಶದ ಹಿಡಿತ ಗಟ್ಟಿ, ಎತ್ತರದ ಮೇಲೆ ಸಡಿಲ.

ಅಂಕಿಅಂಶ_ಶಂಕರ
ಒಂದೇ ಗುಣಕ್ಕೂ ಉತ್ತರ ಸ್ಥಿರವಲ್ಲ. ಆನುವಂಶಿಕತೆ ಎಂದು ನಾವು ಬರೆಯುವ ಸಂಖ್ಯೆ ಒಟ್ಟು ವ್ಯತ್ಯಾಸದಲ್ಲಿ ವಂಶದ ಪಾಲು ಮಾತ್ರ. ಮಣ್ಣು ಒಂದೇ ಸಮನಾಗಿರುವ ನರ್ಸರಿಯಲ್ಲಿ ಆ ಪಾಲು ದೊಡ್ಡದಾಗಿ ಕಾಣುತ್ತದೆ, ಅದೇ ಸಸಿಗಳನ್ನು ಕಲ್ಲು, ಜೌಗು, ಹುಲ್ಲು ಬೆರೆತ ಗುಡ್ಡದಲ್ಲಿ ಅಳೆದರೆ ಚಿಕ್ಕದಾಗುತ್ತದೆ. ವಂಶ ಬದಲಾಗಿಲ್ಲ, ಹಿನ್ನೆಲೆಯ ಗದ್ದಲ ಹೆಚ್ಚಾಗಿದೆ.

ನೈಸ್_ನಂಜುಂಡ
ಉಷ್ಣವಲಯದ ಪೈನನ್ನು ಮರೆತಿದ್ದೀರಿ. ಪೈನಸ್ ಕೆರಿಬಿಯಾವನ್ನು ವರ್ಷವಿಡೀ ಬೆಚ್ಚಗೆ, ತೇವವಾಗಿ ಇರುವ ತಗ್ಗುಪ್ರದೇಶದಲ್ಲಿ ನೆಟ್ಟರೆ ಕೆಲವು ಗಿಡಗಳು ಮೊಗ್ಗು ಕಟ್ಟಿ ವಿಶ್ರಮಿಸುವುದನ್ನೇ ಬಿಟ್ಟು, ರೆಂಬೆಯೇ ಇಲ್ಲದೆ ಮೀಟರುಗಟ್ಟಲೆ ಮೇಲೇಳುತ್ತವೆ. ಇದನ್ನು ನರಿಬಾಲ ಎನ್ನುತ್ತಾರೆ. ತವರಿನ ಒಣಋತುವಿನಲ್ಲಿ ಇದು ಅಪರೂಪ. ಆದರೆ ಒಂದೇ ತೋಪಿನ ಎಲ್ಲ ಗಿಡಗಳೂ ಹೀಗಾಗುವುದಿಲ್ಲ, ಕೆಲವು ಕುಟುಂಬಗಳಲ್ಲಿ ಹೆಚ್ಚು. ಪ್ರತಿ ಕುಟುಂಬವೂ ಜಾಗಕ್ಕೆ ತನ್ನದೇ ರೀತಿಯಲ್ಲಿ ಸ್ಪಂದಿಸುತ್ತದೆ ಎಂದು ಶಂಕರ್ ಅವರು ಮೊದಲೇ ಹೇಳಿದ ಮಾತಿಗೆ ಇದಕ್ಕಿಂತ ಎದ್ದುಕಾಣುವ ಸಾಕ್ಷಿ ನನಗೆ ಗೊತ್ತಿಲ್ಲ.

ಶಿರಸಿ_ನರ್ಸರಿ_ಹೆಗಡೆ
ಪೈನಿನ ಬೇರಿಗೆ ಅಣಬೆ ಬೇಕೇಬೇಕು ಎಂದು ಓದಿದ ನೆನಪು. ಅದರಿಂದಲೂ ವ್ಯತ್ಯಾಸ ಬರಬಹುದಲ್ಲವೇ?

ನೈಸ್_ನಂಜುಂಡ
ಖಂಡಿತ. ಪೋರ್ಟೊರಿಕೋದಲ್ಲಿ ಪೈನ್ ನೆಡುವ ಯತ್ನಗಳು ಮತ್ತೆ ಮತ್ತೆ ಸೋತವು, ಸಸಿಗಳು ಹಳದಿಯಾಗಿ ಕುಳ್ಳಾಗಿ ನಿಲ್ಲುತ್ತಿದ್ದವು. 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ಬುಡದ ಮಣ್ಣನ್ನು ತಂದು ಸೇರಿಸಿದ ಮೇಲೆ ಅವು ಬೆಳೆದವು. ಆ ಮಣ್ಣಿನಲ್ಲಿದ್ದ ಬೇರಣಬೆಯೇ, ಅಂದರೆ ಬೇರಿನೊಂದಿಗೆ ಕೂಡಿ ಬಾಳುವ ಅಣಬೆಯೇ ಕಾರಣ. ಸ್ಕಾಟ್ಲೆಂಡಿನ ಬಯಲು ಪಾತಿಯಲ್ಲಿ ಇಂತಹ ಅಣಬೆ ಸಹಜವಾಗಿ ಬರುತ್ತದೆ, ಹೊಸ ಪೀಟ್ (ಜೌಗುನೆಲದ ಅರೆಕೊಳೆತ ಸಸ್ಯಪದಾರ್ಥ) ತುಂಬಿದ ಟ್ರೇಯಲ್ಲಿ ತಡವಾಗಬಹುದು. ಅನುಪಮಾ ಅವರು ಬೇರು ನೋಡುವಾಗ ಈ ಅಣಬೆಯ ಗುರುತಾದ ಕವಲೊಡೆದ ಮೋಟು ಬೇರುತುದಿಗಳಿವೆಯೇ ಎಂದು ಗಮನಿಸಲಿ.

ಗ್ಲಾಸ್ಗೋ_ಗಿರಿಜಾ
ಅನುಪಮಾ, ನಿಮ್ಮ ನೆರೆಯಲ್ಲಿಯೇ ಈ ಪ್ರಶ್ನೆಗೆ ದೊಡ್ಡ ಪ್ರಮಾಣದ ಪ್ರಯೋಗವಿದೆ. ಸ್ಕಾಟ್ಲೆಂಡಿನ 21 ಸಹಜ ಪೈನ್ ಕಾಡುಗಳಿಂದ 2007ರಲ್ಲಿ ತಾಯಿಮರದ ಗುರುತಿನೊಂದಿಗೆ ಬೀಜ ಸಂಗ್ರಹಿಸಿ, ಸಸಿಗಳನ್ನು ಗಾಜಿನ ಮನೆಯಲ್ಲಿಯೂ ಬಯಲು ನರ್ಸರಿಗಳಲ್ಲಿಯೂ ಬೆಳೆಸಿ, 2012ರಲ್ಲಿ ದಕ್ಷಿಣದ ಯೇರ್, ಪೂರ್ವದ ಗ್ಲೆನ್ಸಾ, ವಾಯವ್ಯ ಕರಾವಳಿಯ ಇನ್ವರ್ಯೂ ಎಂಬ ಮೂರು ಕಡೆ ನೆಟ್ಟಿದ್ದಾರೆ. ಎತ್ತರ, ಕಾಂಡದ ದಪ್ಪ, ಮೊಗ್ಗೊಡೆಯುವ ಕಾಲ ಎಲ್ಲವನ್ನೂ ವರ್ಷವರ್ಷವೂ ದಾಖಲಿಸುತ್ತಿದ್ದಾರೆ.

ಅಂಕಿಅಂಶ_ಶಂಕರ
ಆ ಪ್ರಯೋಗ ನನಗೂ ಇಷ್ಟ, ಆದರೆ ಅದರಿಂದ ಅನುಪಮಾ ಅವರ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ಒಂದೊಂದು ಜಾಗಕ್ಕೆ ಹೋದ ಸಸಿಗಳು ಬಹುಪಾಲು ಒಂದೇ ನರ್ಸರಿಯವು. ಹಾಗಾಗಿ ಯೇರ್‌ನ ಮರ ಇನ್ವರ್ಯೂನ ಮರಕ್ಕಿಂತ ಬೇರೆಯಾಗಿ ಕಂಡರೆ ಅದು ಈಗಿನ ಜಾಗದ್ದೋ, ಬಾಲ್ಯದ ನರ್ಸರಿಯದ್ದೋ ಎಂದು ಬಿಡಿಸುವುದು ಕಷ್ಟ. ಕುಟುಂಬಗಳನ್ನು ಹೋಲಿಸಲು ಅದು ಅತ್ಯುತ್ತಮ, ನರ್ಸರಿಯ ನೆನಪು ಎಷ್ಟು ಕಾಲ ಉಳಿಯುತ್ತದೆ ಎಂದು ಹೇಳಲು ಅಲ್ಲ.

ಗ್ಲಾಸ್ಗೋ_ಗಿರಿಜಾ
ಅವರ ಉದ್ದೇಶವೇ ಕಾಡುಗಳ ನಡುವಿನ ಮತ್ತು ಒಳಗಿನ ವಂಶವ್ಯತ್ಯಾಸವನ್ನು ಅಳೆಯುವುದು, ಹಾಗಾಗಿ ಅದನ್ನು ದೋಷವೆನ್ನುವುದು ನ್ಯಾಯವಲ್ಲ.

ಅಂಕಿಅಂಶ_ಶಂಕರ
ದೋಷವೆನ್ನಲಿಲ್ಲ. ಬೇರೆ ಪ್ರಶ್ನೆಗೆ ಕಟ್ಟಿದ ಪ್ರಯೋಗ ಎಂದೆ.

ಉಮಿಯೋ_ವಾಸಿ
ನರ್ಸರಿಗಿಂತ ಹಿಂದಕ್ಕೂ ಹೋಗಬೇಕಾಗಬಹುದು. ನಾರ್ವೆಯಲ್ಲಿ ನಾರ್ವೆ ಸ್ಪ್ರೂಸ್ ಮೇಲೆ ನಡೆದ ಕೆಲಸದಲ್ಲಿ, ಬೀಜ ಕಟ್ಟುವ ಕಾಲದಲ್ಲಿ ತಾಯಿಮರ ಬೆಚ್ಚಗಿದ್ದರೆ ಆ ಬೀಜದ ಸಸಿಗಳು ತಡವಾಗಿ ಮೊಗ್ಗು ಕಟ್ಟಿ, ದಕ್ಷಿಣದ ಮೂಲದವರಂತೆ ನಡೆದುಕೊಳ್ಳುವುದು ಕಂಡಿದೆ, ಆ ಪರಿಣಾಮ ವರ್ಷಗಟ್ಟಲೆ ಉಳಿದಿದೆ. ಅದು ಸ್ಪ್ರೂಸ್, ಪೈನಿಗೆ ಹಾಗೆಯೇ ಅನ್ವಯಿಸಬೇಡಿ. ಆದರೂ ಬೀಜದ್ದು ಎಂದು ನಾವು ಕರೆಯುವ ಪಾಲಿನೊಳಗೂ ಜಾಗದ ಪಾಲು ಸೇರಿರಬಹುದು.

ಅಬರ್ಡೀನ್_ಅನುಪಮಾ
ಎಲ್ಲರಿಗೂ ಧನ್ಯವಾದಗಳು. ಹೆಗಡೆಯವರು ಹೇಳಿದಂತೆ ಕೆಲವು ಸಸಿಗಳನ್ನು ಕಿತ್ತು ನೋಡಿದೆವು. ಏಣಿರುವ ಟ್ರೇಯಾದ್ದರಿಂದ ಬೇರು ಸುತ್ತಿಕೊಂಡಿಲ್ಲ, ಆದರೆ ಮೇಲ್ಭಾಗಕ್ಕೆ ಹೋಲಿಸಿದರೆ ಬೇರು ಬಡಕಲು. ಬಯಲಿನವುಗಳಲ್ಲಿ ಬೇರಿನ ಮುದ್ದೆಯೇ ಇದೆ, ಕವಲೊಡೆದ ಬೇರುತುದಿಗಳೂ ಹೇರಳ. ಈಗ ಪ್ರಾಯೋಗಿಕ ಪ್ರಶ್ನೆ: ಯಾವುದನ್ನು ನೆಡಬೇಕು, ಏನನ್ನು ಅಳೆಯಬೇಕು? ಸಸಿಯ ಗುಣಮಟ್ಟ ತೋರಿಸುವ ಡಿಕ್ಸನ್ ಸೂಚ್ಯಂಕ ಲೆಕ್ಕ ಹಾಕಿ ಎಂದು ಒಬ್ಬರು ಖಾಸಗಿ ಸಂದೇಶದಲ್ಲಿ ಬರೆದಿದ್ದಾರೆ.

ಬೇರು_ಬಿಳಲು
ಡಿಕ್ಸನ್ ಮತ್ತು ಸಂಗಡಿಗರು 1960ರಲ್ಲಿ ಕೊಟ್ಟ ಆ ಸೂತ್ರಕ್ಕೆ ಸಸಿಯ ಒಟ್ಟು ಒಣತೂಕ ಬೇಕು. ಕಿತ್ತು, ಒಣಗಿಸಿ, ತೂಗಿದ ಸಸಿಯನ್ನು ಮತ್ತೆ ನೆಡಲಾಗದು. ಮಾದರಿಗಾಗಿ ಕೆಲವನ್ನು ಬಲಿಕೊಡಲು ಒಪ್ಪುವುದಾದರೆ ಮಾಡಿ, ಉಳಿದವಕ್ಕೆ ಎತ್ತರವನ್ನೂ ಬೇರು ಮತ್ತು ಕಾಂಡ ಕೂಡುವಲ್ಲಿನ ವ್ಯಾಸವನ್ನೂ ಅಳೆದು ಎರಡರ ಅನುಪಾತ ನೋಡಿದರೆ ಸಾಕು. ಅನುಪಾತ ದೊಡ್ಡದಾದಷ್ಟೂ ಸಸಿ ಸಪೂರ, ಗಾಳಿಗುಡ್ಡದಲ್ಲಿ ಕಷ್ಟಪಡುತ್ತದೆ. ನಿಮ್ಮ ಜಾಗಕ್ಕೆ ಬಯಲಿನ ಸಸಿಗಳೇ ಮೇಲು.

ಗಾಜು_ಮನೆ_ಗಣೇಶ
ಗಾಜಿನ ಮನೆಯ ಸಸಿಗಳನ್ನು ಎಸೆಯಬೇಕಾಗಿಲ್ಲ. ಹೊರಗಿಟ್ಟು, ನೀರು ಮತ್ತು ಸಾರಜನಕ ಕಡಿಮೆ ಮಾಡಿ, ಒಂದು ಋತುವಿನ ಗಾಳಿ ಮತ್ತು ಚಳಿಗೆ ಒಗ್ಗಿಸಿ ಆಮೇಲೆ ನೆಡಿ. ಶರತ್ಕಾಲದಲ್ಲಿ ಗೊಬ್ಬರ ಮಾತ್ರ ಬೇಡ, ಗಿಡ ಗಟ್ಟಿಯಾಗುವುದು ತಡವಾಗುತ್ತದೆ.

ಗ್ಲಾಸ್ಗೋ_ಗಿರಿಜಾ
ಜಿಂಕೆಯ ಕಾಟಕ್ಕೆಂದು ಪ್ಲಾಸ್ಟಿಕ್ ಕೊಳವೆ ತೊಡಿಸುವ ಯೋಚನೆ ಇದ್ದರೆ ಬಿಡಿ, ಬೇಲಿ ಹಾಕಿ. ಕೊಳವೆಯೊಳಗೆ ಬಯಲಿನ ಸಸಿಯೂ ಗಾಜಿನ ಮನೆಯ ಸಸಿಯಂತೆಯೇ ಉದ್ದುದ್ದ ಸಪೂರ ಆಗುತ್ತದೆ.

ಮಲೆನಾಡ_ಕೃಷಿಕ
ಎರಡನ್ನೂ ನೆಟ್ಟು ನೋಡಬಹುದಲ್ಲ? ಗುಡ್ಡದ ಒಂದು ಮಗ್ಗುಲಿಗೆ ಇದು, ಇನ್ನೊಂದು ಮಗ್ಗುಲಿಗೆ ಅದು.

ಅಂಕಿಅಂಶ_ಶಂಕರ
ದಯವಿಟ್ಟು ಹಾಗೆ ಮಾಡಬೇಡಿ. ಆಗ ಮಗ್ಗುಲಿನ ವ್ಯತ್ಯಾಸ ನರ್ಸರಿಯ ವ್ಯತ್ಯಾಸದೊಂದಿಗೆ ಬೆರೆತುಹೋಗುತ್ತದೆ. ನೆಲವನ್ನು ಸಣ್ಣ ಖಂಡಗಳಾಗಿ ಭಾಗಿಸಿ, ಪ್ರತಿ ಖಂಡದಲ್ಲಿಯೂ ಪ್ರತಿ ತಾಯಿಮರದ ಎರಡೂ ಬಗೆಯ ಸಸಿಗಳು ಚೀಟಿ ಎತ್ತಿದ ಜಾಗದಲ್ಲಿ ಬರುವಂತೆ ನೆಡಿ. ಅಂಚಿನ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೆಟ್ಟ ದಿನದ ಎತ್ತರವನ್ನು ಬರೆದಿಟ್ಟು, ಮುಂದೆ ಒಟ್ಟು ಎತ್ತರದ ಬದಲು ಆಯಾ ವರ್ಷ ಸೇರಿದ ಎತ್ತರವನ್ನು ಹೋಲಿಸಿ. ಒಟ್ಟು ಎತ್ತರದಲ್ಲಿ ನರ್ಸರಿಯಲ್ಲಿ ಸಿಕ್ಕ ಮುನ್ನಡೆ ಬಹುಕಾಲ ಕಾಣುತ್ತಲೇ ಇರುತ್ತದೆ.

ಅಬರ್ಡೀನ್_ಅನುಪಮಾ
ಚೀಟಿ ಅಳಿಸಿಹೋದ ಸಸಿಗಳನ್ನು ಏನು ಮಾಡಲಿ?

ಅಂಕಿಅಂಶ_ಶಂಕರ
ಅವನ್ನೇ ಅಂಚಿನ ಸಾಲಿಗೆ ಹಾಕಿ. ಈ ಸಲ ಚೀಟಿಯನ್ನು ಅಲ್ಯುಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಒತ್ತಿ ಬರೆಯಿರಿ.